ಸರಿ ಅಂದರೆ ಯಾವುದಕ್ಕೆ ಸರಿ?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವರದಿ, ಏನು ಬಂದರೂ ಟೈಪ್ ಮಾಡಿಕೊಡುತ್ತೇನೆ. ಕೆಲವರು ಬರೆದುಕೊಂಡೇ ಬರುತ್ತಾರೆ. ಜಾಸ್ತಿ ಮಂದಿ ಬಾಯಲ್ಲಿ ಹೇಳುತ್ತಾರೆ. ಆಗ ಮಾತು ಆರಿಸುವ ಹೊಣೆ ನನ್ನದು.

ಹೋದ ವರ್ಷ ಮಳೆಗಾಲದಲ್ಲಿ ಹುನಗುಂದ ಕಡೆಯ ಹಿರಿಯರೊಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಚಿ ಮಡಚಿ ಹರಿಯಲು ಬಂದಿದ್ದ ಉತಾರ. ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತಾರೆ. ಹೊಲ ಅವರ ತಂದೆಯ ಹೆಸರಿನಲ್ಲಿತ್ತು. ಆ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಮಲ್ಲಪ್ಪ ಅಂತ ಇರಬೇಕಾದದ್ದು ಮಲಪ್ಪ ಆಗಿತ್ತು ಅಂತ ಇಟ್ಟುಕೊಳ್ಳಿ. ನಾನು ಅರ್ಜಿಯಲ್ಲಿ ಹೀಗೆ ಬರೆದೆ: ‘ಉತಾರದಲ್ಲಿ ತಪ್ಪು ಹೆಸರು ದಾಖಲಾಗಿದೆ. ಸರಿಯಾದ ಹೆಸರನ್ನು ಸೇರಿಸಿಕೊಡಬೇಕು.’

ತಿಂಗಳ ಮೇಲೆ ಅರ್ಜಿ ವಾಪಸ್ ಬಂತು. ಅದನ್ನು ಓದಿದವರು ಬೇರೆಯದೇ ಅರ್ಥ ಮಾಡಿಕೊಂಡಿದ್ದರು. ಈಗ ಇನ್ಯಾರದೋ ಹೆಸರು ಕೂತಿದೆ, ಇವರು ಹೊಸಬರ ಹೆಸರು ಸೇರಿಸಲು ಕೇಳುತ್ತಿದ್ದಾರೆ ಅಂತ ತಿಳಿದು ವಾರಸಾ ದಾಖಲೆ, ಹಕ್ಕಿನ ದಾಖಲೆ ಎಲ್ಲ ಕೇಳಿದ್ದರು. ಕಾಕಾ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದರು: ‘ತಮ್ಮಾ, ಹೆಸರ ತಪ್ಪಿಲ್ಲೋ. ಹೆಸರ ನಮ್ಮಪ್ಪಂದ ಐತಿ. ಅಕ್ಷರ ತಪ್ಪೈತಿ.’

ಮೊದಲ ದಿನವೂ ಅವರು ಇದನ್ನೇ ಹೇಳಿದ್ದರು. ನಾನು ಕೇಳಿಸಿಕೊಂಡದ್ದು ‘ತಪ್ಪು’ ಅನ್ನುವ ಒಂದು ಮಾತನ್ನು ಮಾತ್ರ.

‘ತಪ್ಪು ಹೆಸರು’ ಬೇರೆ, ‘ತಪ್ಪಾಗಿ ಬರೆದ ಹೆಸರು’ ಬೇರೆ. ಮೊದಲನೆಯದರಲ್ಲಿ ಹೆಸರೇ ಇನ್ನೊಬ್ಬರದು. ಎರಡನೆಯದರಲ್ಲಿ ಹೆಸರು ಅವರದೇ, ಬರೆದ ರೀತಿಯಲ್ಲಿ ದೋಷ. ಹೀಗೆಯೇ ‘ಸರಿಯಾದ ಅಳತೆ ತಗೊಳ್ಳಿ’ ಅಂದರೆ ಹಲವು ಅಳತೆಗಳಲ್ಲಿ ಬೇಕಾದ ಒಂದನ್ನು ಆರಿಸಿ ಅಂತ. ‘ಅಳತೆ ಸರಿಯಾಗಿ ತಗೊಳ್ಳಿ’ ಅಂದರೆ ಟೇಪು ಸಡಿಲ ಬಿಡಬೇಡಿ ಅಂತ. ‘ಸರಿಯಾದ’ ಅನ್ನುವುದು ಮುಂದಿನ ವಸ್ತುವಿಗೆ ಅಂಟುತ್ತದೆ, ‘ಸರಿಯಾಗಿ’ ಅನ್ನುವುದು ಕೆಲಸಕ್ಕೆ ಅಂಟುತ್ತದೆ. ಬಾಯಲ್ಲಿ ಆಡುವಾಗ ದನಿ, ಕೈಸನ್ನೆ ಎಲ್ಲ ಸೇರಿ ಅರ್ಥ ತಿಳಿಯುತ್ತದೆ. ಹಾಳೆಯ ಮೇಲೆ ಮಾತೊಂದೇ ಇರುತ್ತದೆ, ಅಲ್ವಾ?

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ‘ಸರಿ’ ಅಂತ ಟೈಪ್ ಮಾಡುವ ಮುಂಚೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಯಾವುದಕ್ಕೆ ಸರಿ? ನಡೆದ ಸಂಗತಿಗೋ, ಅಳತೆಗೋ, ನಿಯಮಕ್ಕೋ, ಮೂಲ ಪ್ರತಿಗೋ, ಸಂದರ್ಭಕ್ಕೋ? ಉತ್ತರ ಸಿಕ್ಕರೆ ಮಾತು ತಾನಾಗಿ ಸಿಗುತ್ತದೆ. ಕನ್ನಡದಲ್ಲಿ ಇವುಗಳಿಗೆಲ್ಲ ಬೇರೆ ಬೇರೆ ಮಾತುಗಳಿವೆ. ನಾವು ಅವನ್ನು ಬಳಸದೆ ಎಲ್ಲಕ್ಕೂ ‘ಸರಿ’ ಅಂದು ಮುಗಿಸುತ್ತೇವೆ.

ಯಾವುದಕ್ಕೆ ಅನ್ನುವ ಪ್ರಶ್ನೆ ‘ಸರಿ’ ಅನ್ನುವ ಮಾತಿನೊಳಗೇ ಇದೆ. ಸರಿಸಮ, ಸರಿಸಾಟಿ, ಸರಿಪಾಲು, ಸರಿರಾತ್ರಿ, ಸರಿದೂಗಿಸು, ಸರಿ-ಬೆಸ. ಇವುಗಳಲ್ಲಿ ‘ಸರಿ’ ಅಂದರೆ ಸಮ. ಒಂದು ಇನ್ನೊಂದಕ್ಕೆ ಹೊಂದಿತು ಅಂದರೆ ಸರಿಯಾಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ದಿನಾ ಕೇಳುವ ‘ಬರೋಬರಿ’ಯೂ ಇದೇ ದಾರಿಯಲ್ಲಿ ಬಂದದ್ದು. ಪಾರಸಿಯ ‘ಬರಾಬರ್’ ಅಂದರೆ ಸಮ. ಮರಾಠಿಯಲ್ಲಿ ಅದು ‘ಬರೋಬರ್’ ಆಯಿತು. ಬೆಳಗಾವಿ ಪೇಟೆಯಲ್ಲಿ ಕನ್ನಡದವರೂ ಮರಾಠಿಯವರೂ ಚಿಲ್ಲರೆ ಎಣಿಸಿ ‘ಬರೋಬರಿ ಆತು’ ಅಂದು ತಲೆ ಆಡಿಸುತ್ತಾರೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಲೆಕ್ಕ ಸಮ ಆಯಿತು ಅಂತ.

ಇದನ್ನು ನಾನು ಕಣ್ಣಾರೆ ಕಲಿತದ್ದು ಇಳಕಲ್ಲಿನಲ್ಲಿ, ನಮ್ಮ ದೊಡ್ಡವ್ವನ ಮನೆಯ ಮಗ್ಗದ ಮುಂದೆ. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ನೂಲು, ಸೆರಗಿಗೆ ರೇಷ್ಮೆ. ಎರಡನ್ನೂ ಬೇರೆ ಬೇರೆ ಸಿದ್ಧ ಮಾಡಿಕೊಂಡು, ಒಡಲಿನ ಎಳೆಯ ಕುಣಿಕೆಯಲ್ಲಿ ಸೆರಗಿನ ಎಳೆ ತೂರಿಸಿ ಕೊಂಡಿ ಹಾಕುತ್ತಾರೆ. ಸೀರೆಯ ಅಗಲಕ್ಕೆ ಎಷ್ಟು ಎಳೆ ಇವೆಯೋ ಅಷ್ಟೂ ಕೊಂಡಿ. ದೊಡ್ಡವ್ವ ಬೆರಳ ತುದಿಯಿಂದ ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದಳು. ಒಂದು ಎಳೆ ಜೊತೆ ಸಿಗದೆ ಉಳಿದರೆ ಅಲ್ಲಿ ಗೆರೆ ಬೀಳುತ್ತದೆ, ನೇಯ್ದ ಮೇಲೆ ಮುಚ್ಚಲು ಆಗುವುದಿಲ್ಲ. ಕೊನೆಯ ಕೊಂಡಿ ಕೂತ ಮೇಲೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ‘ಬರೋಬರಿ ಬಂತ.’ ಚಂದ ಬಂತು ಅಂತ ಅಲ್ಲ. ಚಂದದ ಮಾತು ಆಮೇಲೆ, ಸೀರೆ ಮಗ್ಗದಿಂದ ಇಳಿದ ಮೇಲೆ. ಎಳೆಗೆ ಎಳೆ ಕೂಡಿತು ಅನ್ನುವುದಕ್ಕೆ ಬೇರೆ ಮಾತೇ ಇತ್ತು.

ಬರಹದಲ್ಲಿಯೂ ಎಳೆಗೆ ಎಳೆ ಕೂಡಬೇಕು. ಅದಕ್ಕೆ ಮೊದಲು ನಿಜವನ್ನೂ ಸರಿಯನ್ನೂ ಬಿಡಿಸಿ ನೋಡಬೇಕು.

ನಿಜ, ಖರೆ, ಸತ್ಯ. ಇವು ನಡೆದ ಸಂಗತಿಗೆ ಹೋಲಿಸಿ ಆಡುವ ಮಾತುಗಳು. ಪ್ರಮಾಣಪತ್ರಗಳ ಕೊನೆಗೆ ಒಂದು ಸಾಲು ಇರುತ್ತದೆ: ‘ಮೇಲೆ ಹೇಳಿದ ಸಂಗತಿಗಳೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವೂ ಸರಿಯೂ ಆಗಿವೆ.’ ಬಹಳ ಮಂದಿ ಕೇಳುತ್ತಾರೆ, ಸತ್ಯ ಅಂದ ಮೇಲೆ ಸರಿ ಯಾಕೆ, ಸುಮ್ನೆ ಉದ್ದ ಮಾಡಲಿಕ್ಕೆ ಹಾಕಿದ್ದೀರಾ ಅಂತ. ಸುಮ್ನೆ ಹಾಕಿದ್ದಲ್ಲ. ಒಬ್ಬ ರೈತ ‘ನನಗೆ ಮೂರು ಎಕರೆ ಹೊಲ ಇದೆ’ ಅಂದರೆ ಅದು ಖರೆ ಮಾತು. ಉತಾರದಲ್ಲಿ 3 ಎಕರೆ 12 ಗುಂಟೆ ಅಂತ ಇದ್ದರೆ ದಾಖಲೆಗೆ ಆ ಮಾತು ಸರಿ ಹೋಗುವುದಿಲ್ಲ. 40 ಗುಂಟೆಗೆ ಒಂದು ಎಕರೆ. 12 ಗುಂಟೆ ಅಂದರೆ ಎಕರೆಯಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ. ಅವನು ಸುಳ್ಳು ಹೇಳಲಿಲ್ಲ. ಆದರೆ ಅವನು ಹೇಳಿದ್ದನ್ನು ಹಾಗೇ ಬರೆದರೆ ಕಾಗದ ತಪ್ಪಾಗುತ್ತದೆ. ಇದರ ತಿರುಗುಮುರುಗೂ ಆಗುತ್ತದೆ. ಲೆಕ್ಕವೆಲ್ಲ ತಾಳೆ ಬಿದ್ದು, ಸಹಿ, ಶಿಕ್ಕಾ ಎಲ್ಲ ಇದ್ದು, ಒಳಗಿನ ಸಂಗತಿಯೇ ಸುಳ್ಳಾಗಿರುವ ಕಾಗದಗಳೂ ಇರುತ್ತವೆ. ಅದಕ್ಕೇ ಆ ಸಾಲಿನಲ್ಲಿ ಎರಡೂ ಮಾತು ಬೇಕು.

‘ತಿಳಿವಳಿಕೆಯ ಮಟ್ಟಿಗೆ’ ಅನ್ನುವುದನ್ನೂ ತೆಗೆಯಬಾರದು. ಅಜ್ಜನ ಕಾಲದಲ್ಲಿ ಏನು ನಡೆಯಿತೋ ಮೊಮ್ಮಗ ನೋಡಿಲ್ಲ. ತನಗೆ ಗೊತ್ತಿದ್ದಷ್ಟಕ್ಕೆ ಮಾತ್ರ ಅವನು ಹೊಣೆ.

ಇನ್ನು ಅಳತೆಯ ಮಾತು. ಇಲ್ಲಿ ‘ನಿಖರ’ ಮತ್ತು ‘ಕರಾರುವಾಕ್ಕು’ ಬರುತ್ತವೆ. ಸರಿಯಾದದ್ದೆಲ್ಲ ನಿಖರ ಅಲ್ಲ. ಗೋಳಗುಮ್ಮಟದ ಗುಮ್ಮಟ ಎಷ್ಟು ಅಗಲ ಅಂತ ಇಬ್ಬರು ಹುಡುಗರು ಶಾಲೆಯ ಪ್ರಾಜೆಕ್ಟಿಗಾಗಿ ಬರೆದು ತಂದಿದ್ದರು. ಒಬ್ಬನದು ಸುಮಾರು 44 ಮೀಟರ್, ಇನ್ನೊಬ್ಬನದು ಸುಮಾರು 38. ನಂದು ಖರೆ, ನಿಂದು ಸುಳ್ಳು ಅಂತ ಅಂಗಡಿಯಲ್ಲೇ ಶುರು ಹಚ್ಚಿಕೊಂಡರು. ಇಬ್ಬರದೂ ಸರಿಯೇ. ಹೊರಗಿನಿಂದ ಅಳೆದರೆ 44ರ ಹತ್ತಿರ, ಗೋಡೆಯ ದಪ್ಪ ಬಿಟ್ಟು ಒಳಗಿನಿಂದ ಅಳೆದರೆ 38ರ ಹತ್ತಿರ. ಇಬ್ಬರ ಸಾಲಿನಲ್ಲೂ ಬಿಟ್ಟುಹೋದದ್ದು ‘ಹೊರಗಿನಿಂದ’, ‘ಒಳಗಿನಿಂದ’ ಅನ್ನುವ ಮಾತು. ಆ ಮಾತು ಸೇರಿದ ಕೂಡಲೇ ‘ಸುಮಾರು’ ಇದ್ದರೂ ಸಾಲು ಮೊದಲಿಗಿಂತ ನಿಖರವಾಯಿತು. ಅಂಕಿಯ ಮುಂದೆ ಚುಕ್ಕಿ ಇಟ್ಟು ಇನ್ನೆರಡು ಅಂಕಿ ಬರೆದರೆ ಮಾತ್ರ ನಿಖರ ಅಂತ ತಿಳಿಯಬಾರದು.

ಚುಕ್ಕಿಯ ಮುಂದಿನ ಅಂಕಿಗಳ ವಿಷಯ ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಭಾಗಗಳು ಹೋದವು, ಹಾಗಾಗಿ ನವನಗರ ಎದ್ದಿತು. ಈಗ ಅಲ್ಲಿ ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. 2010ರಲ್ಲಿ ರಾಜ್ಯಗಳ ನಡುವೆ ನದಿ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಶಾಲೆಯ ಪ್ರಬಂಧದಲ್ಲಿ ‘ಸುಮಾರು 520 ಮೀಟರ್’ ಅಂತ ಬರೆದರೆ ಯಾರೂ ತಪ್ಪು ಅನ್ನಲಾರರು. ಭೂಮಿ ಹೋಗುವವರ ಅರ್ಜಿಯಲ್ಲಿ ಹಾಗೆ ಬರೆದರೆ 40 ಸೆಂಟಿಮೀಟರ್ ಹೆಚ್ಚಾಗುತ್ತದೆ. ನದಿಯ ದಂಡೆಯ ಸಪಾಟು ಹೊಲದಲ್ಲಿ ನೀರು ಮೊಳಕಾಲಷ್ಟು ಏರಿದರೆ ಎಷ್ಟು ದೂರ ಹರಡುತ್ತದೆ ಅಂತ ಅಲ್ಲಿ ಉತ್ತವರಿಗೆ ಗೊತ್ತು.

ಹಾಗಾದರೆ 524.256 ಅನ್ನುವುದು ಕೂದಲೆಳೆಯಷ್ಟು ಕರಾರುವಾಕ್ಕು ಅಂತ ಅನಿಸುತ್ತದೆ. ಮಿಲಿಮೀಟರಿನವರೆಗೆ ಅಳೆದಿದ್ದಾರಲ್ಲ! ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. ಒಂದು ದಿನ ವರದಿಯೊಂದನ್ನು ಟೈಪ್ ಮಾಡುತ್ತ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಒಂದು ಅಡಿಗೆ 0.3048 ಮೀಟರ್. 1720 ಅಡಿಯನ್ನು ಅದರಿಂದ ಗುಣಿಸಿದರೆ 524.256 ಬರುತ್ತದೆ, ಒಂದು ಅಂಕಿಯೂ ಹೆಚ್ಚುಕಮ್ಮಿ ಇಲ್ಲ. ಅಂದರೆ ಅದು ಅಡಿಯಲ್ಲಿ ಪೂರ್ಣವಾಗಿ ಇರುವ ಸಂಖ್ಯೆ. ಮೀಟರಿಗೆ ತಿರುಗಿಸಿದಾಗ ಮೂರು ಅಂಕಿಯ ಬಾಲ ಬಂದಿದೆ. ಗಾಳಿ ಬೀಸಿದರೆ ಗೇಣುದ್ದ ಅಲೆ ಏಳುವ ನೀರಿನ ಮಟ್ಟವನ್ನು ಮಿಲಿಮೀಟರಿನಲ್ಲಿ ಯಾರು ಹಿಡಿಯುತ್ತಾರೆ? ಆದ್ದರಿಂದ ಇದಕ್ಕೆ ನಾನು ‘ನಿಗದಿತ ಮಟ್ಟ’ ಅಂತ ಬರೆಯುತ್ತೇನೆ. ನಿಗದಿ ಮಾಡಿದ್ದು ಅಂದರೆ ಕಾಗದದ ಮೇಲೆ ಒಪ್ಪಿದ್ದು. ನಿಖರ ಅಂದರೆ ಅಳೆದು ಕಂಡದ್ದು. ತೀರ್ಪಿನ ಅಂಕಿಯನ್ನು ಬರೆಯುವಾಗ ಮೂರೂ ಅಂಕಿ ಇರಲೇಬೇಕು, ಅದು ಒಪ್ಪಿದ ಮಾತು. ಆದರೆ ಆ ಮೂರು ಅಂಕಿ ನೋಡಿ ‘ಅತ್ಯಂತ ನಿಖರ ಅಳತೆ’ ಅಂತ ಹೊಗಳಿದರೆ ಬರೆದವನಿಗೆ ವಿಷಯ ಗೊತ್ತಿಲ್ಲ ಅಂತಾಗುತ್ತದೆ.

ಖಚಿತ ಮತ್ತು ನಿಖರ ಒಂದೇ ಅಂತ ಬಹಳ ಮಂದಿ ಬಳಸುತ್ತಾರೆ. ‘ಖಚಿತ ಮಾಹಿತಿ ಮೇರೆಗೆ ಪೊಲೀಸರು ದಾಳಿ ನಡೆಸಿದರು’ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಖಚಿತ ಅನ್ನುವುದು ಹೇಳುವವರ ಮನಸ್ಸಿನ ಮಾತು, ಅನುಮಾನ ಇಲ್ಲ ಅಂತ. ರತ್ನಖಚಿತ ಅನ್ನುವಾಗ ಇರುವುದೂ ಇದೇ ಖಚಿತ. ಕೂರಿಸಿದ ಹರಳಿನಂತೆ ಅಲುಗಾಡುವುದಿಲ್ಲ. ಮನುಷ್ಯ ತಪ್ಪು ವಿಷಯದಲ್ಲೂ ಖಚಿತವಾಗಿರಬಹುದು. ನಿಖರ ಅನ್ನುವುದು ವಿಷಯದ ಗುಣ, ಹೇಳುವವರದಲ್ಲ. ‘ಅವರು ಬರುವುದು ಖಚಿತ, ಬರುವ ಸಮಯ ನಿಖರವಾಗಿ ಗೊತ್ತಿಲ್ಲ’ ಅಂದರೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು. ‘ಪಕ್ಕಾ’ ಮಾತಿಗೆ ಚೆನ್ನ. ಪಕ್ವ ಅನ್ನುವುದರಿಂದ ಬಂದದ್ದು, ಹಣ್ಣಾದದ್ದು, ಇನ್ನು ಬದಲಾಗದ್ದು. ವ್ಯಾಪಾರಸ್ಥರ ಪಕ್ಕಾ ಬಿಲ್, ಕಚ್ಚಾ ಬಿಲ್ ಗೊತ್ತಲ್ಲ. ಅರ್ಜಿಯಲ್ಲಿ ‘ಪಕ್ಕಾ ಮಾಹಿತಿ’ ಅಂತ ಮಾತ್ರ ನಾನು ಬರೆಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಮಾತಿಗೆ ಬರುತ್ತೇನೆ. ಅದು ‘ಶುದ್ಧ’.

ಶುದ್ಧ ಅಂದರೆ ಬೆರಕೆ ಇಲ್ಲದ್ದು. ಅದಕ್ಕೇ ‘ಶುದ್ಧ ತುಪ್ಪ’ ಅನ್ನುತ್ತೇವೆ, ‘ಶುದ್ಧ ಸುಳ್ಳು’ ಅಂತಲೂ ಅನ್ನುತ್ತೇವೆ. ಶುದ್ಧ ಸುಳ್ಳಿನಲ್ಲಿ ಹನಿ ನಿಜವೂ ಬೆರೆತಿಲ್ಲ. ಹಾಗಾಗಿ ಸತ್ಯಕ್ಕೂ ಶುದ್ಧಕ್ಕೂ ನೇರ ಸಂಬಂಧವಿಲ್ಲ. ಬರಹದ ವಿಷಯದಲ್ಲಿ ‘ಶುದ್ಧ ಬರಹ’ ಅಂದರೆ ಕಾಗುಣಿತ, ಒತ್ತಕ್ಷರ, ವಿಭಕ್ತಿ ನಿಯಮದಂತೆ ಇವೆ ಅಂತ ಅರ್ಥ. ಅಷ್ಟೇ. ಆದರೆ ಈ ಮಾತು ಮೆಲ್ಲಗೆ ಕಾಗುಣಿತ ಬಿಟ್ಟು ಮನುಷ್ಯರ ಮೇಲೆ ಏರುತ್ತದೆ. ‘ಅವರದು ಶುದ್ಧ ಕನ್ನಡ, ನಮ್ಮದು ಶುದ್ಧ ಅಲ್ರೀ’ ಅಂತ ಕಾಲೇಜಿಗೆ ಹೋಗುವ ಹುಡುಗಿಯರು ನನ್ನ ಮುಂದೆ ಹೇಳಿದ್ದಾರೆ. ಸಂದರ್ಶನಕ್ಕೆ ಹೋಗಲು ಅರ್ಜಿ ಟೈಪ್ ಮಾಡಿಸುವಾಗ ಅವರ ದನಿ ಸಣ್ಣದಾಗುತ್ತದೆ. ‘ಐತಿ’ ಅಂದದ್ದಕ್ಕೆ ಯಾರೋ ನಕ್ಕಿರುತ್ತಾರೆ.

ಅವರಿಗೆ ನಾನು ಕವಿರಾಜಮಾರ್ಗದ ಮಾತು ಹೇಳುತ್ತೇನೆ. 9ನೇ ಶತಮಾನದ ಪುಸ್ತಕ, ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಪುಸ್ತಕ. ಬರಹದಲ್ಲಿ ಯಾವುದು ಗುಣ, ಯಾವುದು ದೋಷ ಅಂತ ಹೇಳುವುದೇ ಅದರ ಕೆಲಸ. ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನ ನಾಡನ್ನು ತೋರಿಸಿ ಕನ್ನಡದ ತಿರುಳು ಅನ್ನುತ್ತದೆ. ಕಿಸುವೊಳಲು ಅಂದರೆ ಕೆಂಪು ಊರು, ಈಗಿನ ಪಟ್ಟದಕಲ್ಲು. ನನ್ನ ಅಂಗಡಿಯಿಂದ ಮುಂಜಾನೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಆರಿಸಿದ ಮಾತನ್ನು ನೋಡಿ: ತಿರುಳು. ಹಣ್ಣಿನ ಸಿಪ್ಪೆ ತೆಗೆದರೆ ಒಳಗೆ ಸಿಗುವುದು. ಬೇರೆ ಕಡೆಯ ಕನ್ನಡ ಕಲಬೆರಕೆ ಅಂತ ಆ ಮಾತಿನೊಳಗೆ ಇಲ್ಲ. ಸಿಪ್ಪೆಯೂ ಅದೇ ಹಣ್ಣಿನದು.

ಆದ್ದರಿಂದ ‘ಐತಿ’ ಅಶುದ್ಧ ಅಲ್ಲ. ಸರಕಾರಿ ಅರ್ಜಿಗೆ ‘ಇದೆ’ ಅನ್ನುವುದು ರೂಢಿ, ಅಷ್ಟೇ. ಇಲ್ಲಿ ಬೇಕಾದ ಮಾತು ‘ಶಿಷ್ಟ’ ಅಥವಾ ‘ರೂಢಿಯ’. ಶಿಷ್ಟ ರೂಪ, ಆಡುರೂಪ ಅಂತ ಬರೆದರೆ ಯಾರ ಬಾಯಿಗೂ ಮೈಲಿಗೆ ಆಗುವುದಿಲ್ಲ. ಶಿಕ್ಷಕರು ಉತ್ತರಪತ್ರಿಕೆಯಲ್ಲಿ ‘ಅಶುದ್ಧ’ ಅಂತ ಕೆಂಪು ಶಾಯಿಯಲ್ಲಿ ಬರೆಯುವ ಬದಲು ‘ಆಡುಮಾತು, ಇಲ್ಲಿ ಬರಹದ ರೂಪ ಬಳಸು’ ಅಂತ ಬರೆದರೆ ಎರಡು ಮಾತು ಜಾಸ್ತಿ ಆಗಬಹುದು. ಆದರೆ ಮಗುವಿಗೆ ಏನು ತಿದ್ದಬೇಕು ಅಂತ ತಿಳಿಯುತ್ತದೆ, ಅವ್ವನ ಮಾತು ಕೀಳು ಅಂತ ಅನಿಸುವುದಿಲ್ಲ.

ಮೂಲ ಪ್ರತಿಗೆ ಸರಿಯಾಗಿರುವುದು ಇನ್ನೊಂದು ಬಗೆ. ಇಲ್ಲಿ ನನ್ನ ಕಸುಬಿನ ಅರ್ಧ ಜಗಳ ಇದೆ. 1990ರ ಖರೀದಿಪತ್ರವೊಂದನ್ನು ನಕಲು ಟೈಪ್ ಮಾಡಲು ಕೊಟ್ಟವರೊಬ್ಬರು ‘ಜಿಲ್ಲಾ ಬಿಜಾಪುರ, ತಾಲೂಕು ಬಾಗಲಕೋಟ ಅಂತ ಐತಿ, ಅದನ್ನ ಸರಿ ಮಾಡಿಬಿಡ್ರಿ’ ಅಂದರು. ಆಗಿನ ಕಾಲಕ್ಕೆ ಅದು ಸರಿಯೇ. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಬಿಜಾಪುರದ ಅಧಿಕೃತ ಹೆಸರು ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಹಳೆಯ ಕಾಗದದಲ್ಲಿ ಇವತ್ತಿನ ಹೆಸರು ಹಾಕಿದರೆ ನಕಲು ಕೆಡುತ್ತದೆ. ನಕಲಿಗೆ ಇರುವ ಕಟ್ಟಳೆ ಒಂದೇ, ಮೂಲದಲ್ಲಿ ಇದ್ದಂತೆ ಇರಬೇಕು. ಮೂಲದಲ್ಲಿ ತಪ್ಪಿದ್ದರೆ ತಪ್ಪೂ ಹಾಗೇ ಇರಬೇಕು. ಇದಕ್ಕೆ ‘ಸರಿಯಾದ ನಕಲು’ ಅನ್ನುವುದಕ್ಕಿಂತ ‘ಮೂಲದಂತಿರುವ ನಕಲು’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ‘ದೃಢೀಕೃತ’ ಅಂದರೆ ತಾಳೆ ನೋಡಿ ಸಹಿ ಹಾಕಿದ್ದು. ‘ಅಧಿಕೃತ’ ಅಂದರೆ ಅಧಿಕಾರ ಇದ್ದವರು ಒಪ್ಪಿದ್ದು. ಮೂರೂ ಬೇರೆ. ಜನರ ಬಾಯಲ್ಲಿ ಇನ್ನೂ ಓಡಾಡುವ ‘ಬಿಜಾಪುರ’ ಅಧಿಕೃತ ಅಲ್ಲ. ಹಾಗಂತ ತಪ್ಪೂ ಅಲ್ಲ.

ವಿಜಯಪುರದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಊರೂರಿಂದ ಕೂಡಿಸಿ ಅಚ್ಚು ಮಾಡಿಸುವಾಗ ಎದುರಿಸಿದ್ದೂ ಈ ಬಗೆಯ ಕಷ್ಟವೇ. ಅವರು ವಕೀಲರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಇನ್ನೊಂದು ಕಟ್ಟಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಯಾವುದು ಶರಣರ ಮಾತು, ಯಾವುದು ಬರೆದುಕೊಂಡವರ ಕೈತಪ್ಪು? ಹೇಳುವುದು ಸುಲಭವಿಲ್ಲ. ಇಂಥ ಕಡೆ ಓಲೆಗರಿ ಓದುವವರು ಒಂದನ್ನು ಸರಿ, ಇನ್ನೊಂದನ್ನು ತಪ್ಪು ಅನ್ನುವುದಿಲ್ಲ. ‘ಪಾಠಾಂತರ’ ಅನ್ನುತ್ತಾರೆ. ಬೇರೆ ಓದು ಅಂತ. ಆ ಮಾತು ನನಗೆ ಬಹಳ ಇಷ್ಟ. ಗೊತ್ತಿಲ್ಲದ ಕಡೆ ತೀರ್ಪು ಕೊಡದೆ, ಎರಡನ್ನೂ ಓದುವವರ ಮುಂದೆ ಇಡುತ್ತದೆ.

ಸಂದರ್ಭಕ್ಕೆ ಹೊಂದುವ ಮಾತುಗಳ ಪೈಕಿ ‘ಸೂಕ್ತ’ ಒಳ್ಳೆಯದು. ಸು ಮತ್ತು ಉಕ್ತ ಸೇರಿ ಆದದ್ದು, ಚೆನ್ನಾಗಿ ಹೇಳಿದ್ದು ಅಂತ ಮೂಲ ಅರ್ಥ. ‘ತಕ್ಕ’ ಇನ್ನೂ ಹಗುರ, ‘ಕೆಲಸಕ್ಕೆ ತಕ್ಕ ಕೂಲಿ’. ‘ಉಚಿತ’ದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಅರ್ಥ ಯೋಗ್ಯವಾದದ್ದು, ಈಗಿನ ಅರ್ಥ ಪುಕ್ಕಟೆ. ‘ರೈತರಿಗೆ ಉಚಿತ ಸಲಹೆ ನೀಡಲಾಗುವುದು’ ಅಂದರೆ ಇವತ್ತು ಯಾರೂ ಯೋಗ್ಯ ಸಲಹೆ ಅಂತ ಓದುವುದಿಲ್ಲ. ಹೊಂದುವ ಮಾತು ಅಂತಲೇ ಹೇಳಬೇಕಾದರೆ ‘ಸಮಯೋಚಿತ’ ಅಂತ ಬರೆಯಿರಿ.

ಕಬ್ಬಿನ ಹಂಗಾಮು ಬಂದರೆ ಬೆಳಗಾವಿ, ಬಾಗಲಕೋಟೆ ಕ‌ಡೆ ಮನವಿಪತ್ರಗಳೂ ಬರುತ್ತವೆ. ‘ಕಬ್ಬಿಗೆ ಸರಿಯಾದ ತೂಕ ಮತ್ತು ಸರಿಯಾದ ದರ ಕೊಡಬೇಕು’ ಅಂತ ಬರೆದುಕೊಂಡು ಬರುತ್ತಾರೆ. ಇದನ್ನು ಹಾಗೇ ಟೈಪ್ ಮಾಡಲು ನನ್ನ ಕೈ ಬರುವುದಿಲ್ಲ. ತೂಕ ಮತ್ತು ದರ ಎರಡೂ ಒಂದೇ ಬಗೆಯ ಸರಿ ಅಲ್ಲ. ತೂಕಕ್ಕೆ ಕಾಟಾ ಇದೆ. ಬೇರೆ ಕಾಟಾದ ಮೇಲೆ ಹಾಕಿ ತಾಳೆ ನೋಡಬಹುದು, ಒಂದು ಕ್ವಿಂಟಲ್ ಕಡಿಮೆ ಬಿದ್ದರೆ ಕಾಣುತ್ತದೆ. ಅಲ್ಲಿ ಕೇಳಬೇಕಾದದ್ದು ‘ನಿಖರ ತೂಕ’. ದರಕ್ಕೆ ಕಾಟಾ ಇಲ್ಲ. ಬೀಜ, ಗೊಬ್ಬರ, ನೀರು, ಕಡಿಯುವ ಕೂಲಿ, ರೈತನ ಬದುಕು ಎಲ್ಲ ಸೇರಿಸಿ ಇಷ್ಟು ಬಂದರೆ ಧರ್ಮ ಅಂತ ವಾದಿಸಬೇಕು. ಅಲ್ಲಿ ಕೇಳಬೇಕಾದದ್ದು ‘ನ್ಯಾಯವಾದ ದರ’. ಕೇಂದ್ರ ಸರಕಾರ ಪ್ರತಿ ಹಂಗಾಮಿಗೆ ಗೊತ್ತುಪಡಿಸುವ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿಯ ಕನ್ನಡ ಹೆಸರಿನಲ್ಲೂ ‘ನ್ಯಾಯಯುತ ಮತ್ತು ಲಾಭದಾಯಕ ದರ’ ಅಂತಲೇ ಇದೆ. ಒಂದು ದರ ಕಾನೂನಿಗೆ ಸರಿಯಾಗಿದ್ದೂ ರೈತನ ಪಾಲಿಗೆ ನ್ಯಾಯ ಆಗದೆ ಇರಬಹುದು. ಹೋರಾಟ ಇರುವುದೇ ಆ ಎರಡರ ನಡುವೆ. ಮನವಿಯಲ್ಲಿ ಎರಡಕ್ಕೂ ‘ಸರಿಯಾದ’ ಅಂತ ಬರೆದರೆ ‘ನಿಯಮದಂತೆ ಸರಿಯಾಗಿಯೇ ಕೊಟ್ಟಿದ್ದೇವೆ’ ಅನ್ನುವ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಚುನಾವಣೆ, ಕೋರ್ಟಿನ ಮಾತುಗಳನ್ನು ಬೇಗ ಹೇಳಿಬಿಡುತ್ತೇನೆ. ನಾಮಪತ್ರ ‘ಕ್ರಮಬದ್ಧ’, ಮತ ‘ಸಿಂಧು’ ಅಥವಾ ‘ಅಸಿಂಧು’, ಆದೇಶ ‘ಊರ್ಜಿತ’. ಇವೆಲ್ಲ ನಿಯಮಕ್ಕೆ ಹೋಲಿಸಿ ಆಡುವ ಮಾತುಗಳು, ಒಳ್ಳೆಯದು ಕೆಟ್ಟದ್ದರ ಗೊಡವೆ ಇವಕ್ಕಿಲ್ಲ.

ಉಳಿದದ್ದು ತಪ್ಪಿನ ಮಾತುಗಳು. ಸರಿಯ ಮಾತು ಆರಿಸುವಷ್ಟೇ ಜೋಪಾನ ಇಲ್ಲಿಯೂ ಬೇಕು, ಇನ್ನೂ ಜಾಸ್ತಿಯೇ ಬೇಕು. ‘ತಪ್ಪಾಯ್ತು’ ಅಂದರೆ ಕ್ಷಮೆ ಕೇಳಿದಂತೆ. ಅಂದರೆ ‘ತಪ್ಪು’ ಅನ್ನುವ ಮಾತಿನಲ್ಲಿ ದೋಷದ ಜೊತೆಗೆ ಅಪರಾಧದ ವಾಸನೆಯೂ ಇದೆ. ‘ನಿಮ್ಮ ಸಿಬ್ಬಂದಿ ತಪ್ಪು ಮಾಡಿದ್ದಾರೆ’ ಅಂತ ಬರೆದರೆ ಓದುವವರು ಮೊದಲು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ‘ಕಣ್ತಪ್ಪಿನಿಂದ’ ಅಂದರೆ ಯಾರೂ ಬೇಕಂತ ಮಾಡಿದ್ದಲ್ಲ ಅಂತ ಒಪ್ಪಿದಂತೆ. ‘ಲೋಪ’ ಅಂದರೆ ಇರಬೇಕಾದದ್ದು ಬಿಟ್ಟುಹೋಗಿದೆ. ‘ದೋಷ’ ಅಂದರೆ ಇದ್ದದ್ದು ಕೆಟ್ಟಿದೆ. ‘ಸುಳ್ಳು’ ಅಂದರೆ ಗೊತ್ತಿದ್ದೂ ಹೇಳಿದ್ದು, ಕೈಯಲ್ಲಿ ಸಾಕ್ಷಿ ಇಲ್ಲದೆ ಆ ಮಾತನ್ನು ಕಾಗದಕ್ಕೆ ಇಳಿಸಬಾರದು. ನಮ್ಮ ಮಾತಿನಲ್ಲಿ ‘ಸುಳ್ಳ ಯಾಕ ಬಂದಿ’ ಅಂದರೆ ಸುಮ್ನೆ ಯಾಕೆ ಬಂದೆ ಅಂತ ಅರ್ಥ, ಅದರಲ್ಲಿ ದೂರು ಇಲ್ಲ. ಬರಹದಲ್ಲಿ ಆ ಸಡಿಲ ಇಲ್ಲ.

ಕಾಕಾನ ಅರ್ಜಿಯನ್ನು ಎರಡನೇ ಸಲ ಬರೆಯುವಾಗ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಉತಾರ, ಆಧಾರ್ ಕಾರ್ಡು, ಹಳೆಯ ಖರೀದಿಪತ್ರ ಮೂರನ್ನೂ ಮೇಜಿನ ಮೇಲೆ ಹರಡಿ, ಹೆಸರಿನ ಮೇಲೆ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ನೋಡಿದೆವು. ಬಿಟ್ಟುಹೋದದ್ದು ಒಂದು ಲ-ಒತ್ತು. ಹೀಗಾಗಿ ‘ಲೋಪ’ ಅನ್ನುವುದೇ ಅದಕ್ಕೆ ಹೊಂದುವ ಮಾತು. ಬರೆದ ಸಾಲು ಇಷ್ಟು: ‘ಉತಾರದಲ್ಲಿ ನನ್ನ ತಂದೆಯವರ ಹೆಸರೇ ಇದ್ದು, ಕಣ್ತಪ್ಪಿನಿಂದ ಅದರಲ್ಲಿ ಒಂದು ಒತ್ತಕ್ಷರ ಲೋಪವಾಗಿದೆ. ಲಗತ್ತಿಸಿದ ಖರೀದಿಪತ್ರದಲ್ಲಿ ಇರುವಂತೆ ಹೆಸರಿನ ಅಕ್ಷರ ತಿದ್ದಿಕೊಡಬೇಕು.’ ಓದಿ ಹೇಳಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದರು. ‘ಇನ್ನೊಮ್ಮೆ ಓದಪಾ’ ಅಂದರು. ಮತ್ತೆ ಓದಿದೆ.

‘ಹಾಂ, ಈಗ ಬರೋಬರಿ ಆತು’ ಅಂದು ಸಹಿ ಹಾಕಲು ಪೆನ್ನು ಕೇಳಿದರು.